ಎಳೆತ ಚೆನ್ನಾಗಿದೆ, ಆದರೆ ಧೂಳು ಹಿಂದಿನಿಂದ ಬರ್ತಿದೆಯಾ? ವರ್ಕ್‌ಶಾಪ್ ವ್ಯಾಕ್ಯೂಮಿನ ದೋಷ ಹುಡುಕುವ ಬಗೆ

ಚಿಕ್ಕಮಗಳೂರಿನಲ್ಲಿ ನಮ್ಮದೊಂದು ಸಣ್ಣ ಮರಗೆಲಸದ ಶೆಡ್ ಇದೆ. ಸಿಲ್ವರ್ ಓಕ್, ಹಲಸು, ಸಾಗುವಾನಿ ನಮ್ಮ ಕೈಗೆ ಜಾಸ್ತಿ ಬರುವ ಮರಗಳು. ಹೋಂಸ್ಟೇ ಕೆಲಸ ಸಿಕ್ಕಾಗ ಪ್ಲೈವುಡ್, ಎಂಡಿಎಫ್. ತೋಟದವರು ಕಿತ್ತುಹಾಕಿದ ಹಳೇ ಕಾಫಿ ಗಿಡದ ಬೊಡ್ಡೆಗಳಿಂದ ಟೀಪಾಯಿಗಳನ್ನೂ ಮಾಡುತ್ತೇವೆ. ಯಾವುದಾದರೂ ಸರಿ, ಕೊನೆಗೆ ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡುವ ಸ್ಯಾಂಡಿಂಗ್ ಆಗಲೇಬೇಕು. ಸ್ಯಾಂಡಿಂಗ್ ಅಂದರೆ ಧೂಳು.

ಆ ಧೂಳು ಹಿಡಿಯಲು ಒಂದು ಡ್ರಮ್ ವ್ಯಾಕ್ಯೂಮ್ ತಂದಿದ್ದೆವು. ಉಜ್ಜುವ ಮೆಷಿನ್ನಾದ ಸ್ಯಾಂಡರಿಗೆ ಅದರ ಪೈಪು ಸಿಕ್ಕಿಸಿದರೆ ಬೆಂಚಿನ ಮೇಲೆ ಪುಡಿಯೇ ನಿಲ್ಲುತ್ತಿರಲಿಲ್ಲ. ತುಂಬಾ ನೆಮ್ಮದಿಯಾಗಿತ್ತು. ಒಂದು ಜನವರಿ ಬೆಳಗ್ಗೆ ಚಾವಣಿಯ ಪಾರದರ್ಶಕ ಶೀಟಿನಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಜೊತೆಯಲ್ಲಿ ಕೆಲಸ ಮಾಡುವ ಹುಡುಗ ಕೂಗಿದ. "ಅಣ್ಣಾ, ಮೋಟ್ರಿಂದ ಹೊಗೆ ಬರ್ತಿದೆ!" ಓಡಿಹೋಗಿ ಸ್ವಿಚ್ ಆಫ್ ಮಾಡಿದೆ. ಮುಟ್ಟಿ ನೋಡಿದರೆ ಮೋಟಾರು ಬಿಸಿಯಾಗಿರಲಿಲ್ಲ. ಸುಟ್ಟ ವಾಸನೆಯೂ ಇರಲಿಲ್ಲ. ಮತ್ತೆ ಆನ್ ಮಾಡಿ ಬಿಸಿಲಿಗೆ ಅಡ್ಡಲಾಗಿ ನಿಂತು ನೋಡಿದೆ. ಹಿಂದಿನ ಕಿಂಡಿಯಿಂದ ಬರುತ್ತಿದ್ದದ್ದು ಮರದ ಧೂಳು. ರಾಗಿ ಹಿಟ್ಟಿಗಿಂತ ನುಣ್ಣಗಿತ್ತು. ಆ ಬಿಸಿಲಿನ ಕೋಲು ಬೀಳದೆ ಇದ್ದಿದ್ದರೆ ಕಾಣುತ್ತಲೇ ಇರಲಿಲ್ಲ. ಎಷ್ಟು ತಿಂಗಳಿಂದ ಹಾಗೆ ಬರುತ್ತಿತ್ತೋ ಗೊತ್ತಿಲ್ಲ. ಹುಡುಗನಿಗೆ ಸಂಜೆ ಹೊತ್ತು ಒಣಕೆಮ್ಮು ಬರುತ್ತಿತ್ತು. ಚಳಿಗೆ ಇರಬೇಕು ಅಂದುಕೊಂಡಿದ್ದೆವು.

ಅವತ್ತಿನಿಂದ ಯಾರ ವ್ಯಾಕ್ಯೂಮ್ ರಿಪೇರಿಗೆ ಬಂದರೂ ನಾನು ಮೊದಲು ಅದರ ಹಿಂಬದಿ ನೋಡುತ್ತೇನೆ. ಎಳೆತ ಕಡಿಮೆಯಾದರೆ ನಮಗೇ ಗೊತ್ತಾಗುತ್ತದೆ, ಕೆಲಸ ಸಾಗುವುದಿಲ್ಲ. ಧೂಳು ಸೋರುವ ಮೆಷಿನ್ ಮಾತ್ರ ಚೆನ್ನಾಗಿಯೇ ಎಳೆಯುತ್ತಿರುತ್ತದೆ. ಹಾಗಾಗಿ ಇಲ್ಲೂ ಅದನ್ನೇ ಮೊದಲು ಹೇಳುತ್ತೇನೆ.

ಕಾಣದ ಧೂಳಿಗೆ ಯಾಕೆ ಇಷ್ಟು ಚಿಂತೆ

ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. 10 ಮೈಕ್ರಾನಿಗಿಂತ ಸಣ್ಣ ಕಣ ಮೂಗು, ಗಂಟಲು ದಾಟಿ ಒಳಗೆ ಇಳಿಯುತ್ತದೆ. 4 ಮೈಕ್ರಾನ್ ಆಸುಪಾಸಿನದು ಶ್ವಾಸಕೋಶದ ತುದಿಯ ಗಾಳಿಚೀಲಗಳವರೆಗೂ ಹೋಗಬಲ್ಲದು. ಗರಗಸದ ಹೊಟ್ಟು ಭಾರ, ಅದು ಕಾಲಬುಡದಲ್ಲಿ ಬೀಳುತ್ತದೆ. ಸ್ಯಾಂಡರಿನ ನುಣ್ಣನೆ ಧೂಳು ನಾವು ಊಟಕ್ಕೆ ಹೋಗಿ ಬಂದರೂ ಗಾಳಿಯಲ್ಲೇ ತೇಲುತ್ತಿರುತ್ತದೆ.

ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ್ದು 1995ರಲ್ಲಿ. ಸೇರಿಸಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ. ಮುಖ್ಯವಾಗಿ ಮೂಗಿನ ಒಳಭಾಗದ ಕ್ಯಾನ್ಸರ್. ಕಲ್ಲಿನಿಂದ ಏಳುವ ಸಿಲಿಕಾ ಧೂಳು ಅದೇ ಗುಂಪಿಗೆ ಬಂದದ್ದು 1997ರಲ್ಲಿ. ನಮ್ಮ ತೋಟಗಳ ನೆರಳಿನ ಸಿಲ್ವರ್ ಓಕ್ ಕೂಡ ಸಾಧು ಮರವೇನಲ್ಲ. ಅದರ ಪುಡಿ ಕೆಲವರ ಚರ್ಮಕ್ಕೆ ತಗುಲಿದರೆ ಕೆಂಪಗೆ ದದ್ದು ಏಳುತ್ತದೆ. ಬೀಟೆ, ಸಾಗುವಾನಿಯ ಧೂಳು ಕೂಡ ಕೆಲವರಿಗೆ ಆಗುವುದಿಲ್ಲ. ಎಂಡಿಎಫ್‌ನಲ್ಲಿ ಮರದ ನಾರಿನ ಜೊತೆ ಫಾರ್ಮಾಲ್ಡಿಹೈಡ್ ಇರುವ ಅಂಟೂ ಇರುತ್ತದೆ. ಅದರ ಧೂಳು ಮೈದಾ ಹಿಟ್ಟಿನಂತೆ.

ಸೋರುವ ವ್ಯಾಕ್ಯೂಮ್ ಇನ್ನೊಂದು ಕೆಟ್ಟ ಕೆಲಸ ಮಾಡುತ್ತದೆ. ಮೆಷಿನ್ ಇದೆಯಲ್ಲ ಅಂತ ನಾವು ಮಾಸ್ಕ್ ತೆಗೆದಿಡುತ್ತೇವೆ. ಅದು ಬೆಂಚಿನ ಧೂಳನ್ನೆಲ್ಲ ಎಳೆದು, ದಪ್ಪದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಉಸಿರಿಗೆ ಹೋಗುವಂಥದ್ದನ್ನು ಮಾತ್ರ ಇಡೀ ಶೆಡ್ಡಿಗೆ ಊದುತ್ತದೆ.

ಬಿಳಿ ಬಟ್ಟೆ, ಟಾರ್ಚು

ಪರೀಕ್ಷೆಗೆ ಬೇಕಾದ್ದು ಎರಡೇ. ಒಗೆದ ಬಿಳಿ ಪಂಚೆಯ ಒಂದು ತುಂಡು, ಒಂದು ಟಾರ್ಚು. ಶುರು ಮಾಡುವ ಮೊದಲು ಎನ್95 ಮಾಸ್ಕ್ ಹಾಕಿಕೊಳ್ಳಿ. ಮೂಗಿನ ಮೇಲಿನ ಪಟ್ಟಿ ಒತ್ತಿ ಕೂರಿಸಿ. ಗಡ್ಡ ದಪ್ಪವಿದ್ದರೆ ಮಾಸ್ಕಿನ ಅಂಚಿನಿಂದ ಧೂಳು ನುಗ್ಗುತ್ತದೆ, ಅದೂ ಗಮನದಲ್ಲಿರಲಿ. ಮೂಗಿಗೆ ಟವೆಲ್ ಕಟ್ಟಿಕೊಳ್ಳುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಅದು ಹೊಟ್ಟು ತಡೆಯುತ್ತದೆ ಅಷ್ಟೇ, ನುಣ್ಣನೆ ಧೂಳು ಸಲೀಸಾಗಿ ದಾಟುತ್ತದೆ.

ಗಾಳಿ ಹೊರಬರುವ ಕಿಂಡಿಯ ಮುಂದೆ ಬಟ್ಟೆಯನ್ನು ಸಡಿಲವಾಗಿ ಕಟ್ಟಿ. ಬಿಗಿಯಾಗಿ ಮುಚ್ಚಬೇಡಿ, ಮೋಟಾರಿನ ಗಾಳಿ ಹೊರಗೆ ಹೋಗಬೇಕು. ಸ್ಯಾಂಡರ್ ಸಿಕ್ಕಿಸಿ 2 ರಿಂದ 3 ನಿಮಿಷ ನಿಜವಾದ ಕೆಲಸ ಮಾಡಿ. ಸುಮ್ನೆ ಖಾಲಿ ಓಡಿಸಿದರೆ ಏನೂ ಗೊತ್ತಾಗುವುದಿಲ್ಲ. ಆಮೇಲೆ ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಕಿಂಡಿಯ ಗುರುತು ಕಂದು ಬಣ್ಣದಲ್ಲಿ ಮೂಡಿದ್ದರೆ ಧೂಳು ಸೋರುತ್ತಿದೆ ಅಂತಲೇ ಅರ್ಥ. ಬಟ್ಟೆಯ ಮೇಲೆ ಕರೀ ಮಸಿಯಂತೆ ಬಿದ್ದಿದ್ದರೆ ಅದು ಬೇರೆ. ಮೋಟಾರಿನ ಕಾರ್ಬನ್ (ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಎರಡು ಸಣ್ಣ ತುಂಡು) ಸವೆದ ಪುಡಿ ಇರಬಹುದು. ಅದನ್ನು ಮುಂದೆ ಹೇಳುತ್ತೇನೆ.

ಟಾರ್ಚಿನ ಪರೀಕ್ಷೆ ಇನ್ನೂ ಸೂಕ್ಷ್ಮ. ಸಂಜೆ ಶೆಡ್ಡಿನ ಲೈಟ್ ಆರಿಸಿ. ಟಾರ್ಚಿನ ಬೆಳಕು ಕಿಂಡಿಯ ಮುಂದೆ ಅಡ್ಡಲಾಗಿ ಹಾಯಲಿ. ನೀವು ಪಕ್ಕದಿಂದ ನೋಡಿ. ಬೆಳಕಿನಲ್ಲಿ ಹೊಗೆಯ ಸುರುಳಿಯಂತೆ ಕಂಡರೆ ಅದೇ ಧೂಳು. ಬಟ್ಟೆಯಲ್ಲಿ ಕಲೆ ಮೂಡದಷ್ಟು ಸಣ್ಣ ಸೋರಿಕೆಯನ್ನೂ ಇದು ತೋರಿಸುತ್ತದೆ.

ಎಲ್ಲಿಂದ ಸೋರುತ್ತಿದೆ

ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪಿನ್ನೇ ಬೋರ್ಡಿನಿಂದ ಹೊರಗೆ ಬರಬೇಕು. ಡ್ರಮ್ಮನ್ನು ಶೆಡ್ಡಿನ ಹೊರಗೆ, ಗಾಳಿ ನಿಮ್ಮ ಬೆನ್ನಿಗೆ ಬರುವಂತೆ ಇಟ್ಟು ಮುಚ್ಚಳ ತೆಗೆಯಿರಿ.

ಫಿಲ್ಟರ್ ತೆಗೆಯುವ ಮೊದಲು ಅದು ಕೂತಿರುವ ಜಾಗ ನೋಡಿ. ಮೋಟಾರು ಇರುವ ತಲೆಗೂ ಫಿಲ್ಟರಿಗೂ ನಡುವೆ ಒಂದು ರಬ್ಬರ್ ರಿಂಗ್ ಇರುತ್ತದೆ. ಫಿಲ್ಟರ್ ಹೊರತೆಗೆದಾಗ, ಅದರ ಒಳಮೈ ಮತ್ತು ಮೋಟಾರಿನ ಬಾಯಿ ಎರಡೂ ಚೊಕ್ಕವಾಗಿರಬೇಕು. ಅಲ್ಲಿ ಧೂಳಿದ್ದರೆ ಫಿಲ್ಟರ್ ದಾಟಿ ಬಂದಿದೆ ಎಂದಾಯಿತು. ಯಾವ ದಾರಿಯಲ್ಲಿ ಬಂತು ಅನ್ನುವುದನ್ನೂ ಧೂಳೇ ತೋರಿಸುತ್ತದೆ. ರಿಂಗಿನ ಒಂದು ಕಡೆ ಮಾತ್ರ ನವಿಲುಗರಿಯಂತೆ ಹರಡಿದ ಗೆರೆ ಇದ್ದರೆ, ಅಲ್ಲಿ ರಿಂಗ್ ಮಡಚಿದೆ ಅಥವಾ ಒಡೆದಿದೆ. ನಮ್ಮ ಮೆಷಿನ್ನಿನದು ಇದೇ ಕಥೆ. ಫಿಲ್ಟರ್ ಬದಲಿಸುವಾಗ ಹೊಸದರ ಎತ್ತರ ಹಳೆಯದಕ್ಕಿಂತ ಸ್ವಲ್ಪ ಕಡಿಮೆಯಿತ್ತು. ನಾನೇ ಅಳೆಯದೆ ತಂದಿದ್ದೆ. ಬೋಲ್ಟ್ ಪೂರ್ತಿ ಬಿಗಿದರೂ ಅದು ರಬ್ಬರನ್ನು ಒತ್ತುತ್ತಿರಲಿಲ್ಲ. ಒಂದು ಕಾಗದ ತೂರುವಷ್ಟು ಸಂದು, ಅಷ್ಟೇ. ಆ ಸಂದಿನಿಂದಲೇ ತಿಂಗಳುಗಟ್ಟಲೆ ಧೂಳು ಬಂದಿತ್ತು.

ಈ ಸಂದು ಪರೀಕ್ಷಿಸಲು ತೆಳ್ಳನೆ ಕಾಗದದ ಪಟ್ಟಿ ಸಾಕು. ರಿಂಗಿನ ಕೆಳಗೆ ಇಟ್ಟು ಫಿಲ್ಟರ್ ಬಿಗಿಯಿರಿ. ಎಳೆದರೆ ಕಾಗದ ಹರಿಯಬೇಕು. ಜಾರಿ ಬಂದರೆ ಆ ಜಾಗದಲ್ಲಿ ಒತ್ತು ಸಾಲದು. ಸುತ್ತಲೂ ನಾಲ್ಕೈದು ಕಡೆ ಹೀಗೆ ನೋಡಿ. ಊದುಬತ್ತಿ ಹೊಗೆ ಹಿಡಿದು ಸೋರಿಕೆ ಹುಡುಕಿ ಅಂತ ಹೇಳುವವರಿದ್ದಾರೆ. ದಯವಿಟ್ಟು ಬೇಡ. ಮರದ ಪುಡಿ ಮೆತ್ತಿರುವ ಮೆಷಿನ್ನಿಗೆ ಕೆಂಡದ ತುದಿ ಹತ್ತಿರ ಹೋಗಲೇಬಾರದು. ಒಂದು ಕಿಡಿ ಒಳಗೆ ಹೋದರೂ ಫಿಲ್ಟರ್ ಹೊತ್ತಿಕೊಳ್ಳಬಹುದು.

ರಿಂಗ್ ಚೆನ್ನಾಗಿದ್ದರೆ ಫಿಲ್ಟರಿನ ಮೈ ನೋಡಿ. ಸೀರೆಯ ನೆರಿಗೆಯಂತೆ ಮಡಚಿದ ಕಾಗದದ ಫಿಲ್ಟರಾದರೆ ಒಳಗೆ ಟಾರ್ಚು ಇಟ್ಟು ಕತ್ತಲಲ್ಲಿ ಹೊರಗಿನಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ತೂತಿದೆ. ತೂತಿಗೆ ಎಂಸೀಲ್ ಹಚ್ಚಿ ಮುಂದುವರಿಸಬೇಡಿ, ಪಕ್ಕದ ನೆರಿಗೆಯೂ ಸೊರಗಿರುತ್ತದೆ. ಫಿಲ್ಟರ್ ಬದಲಿಸಿ.

ತೂತಿಲ್ಲ, ರಿಂಗ್ ಸರಿಯಿದೆ, ಆದರೂ ಧೂಳು ಬರುತ್ತಿದೆ ಅಂದರೆ ಫಿಲ್ಟರಿನ ಜಾತಿಯೇ ತಪ್ಪಿರಬೇಕು. ತುಂಬಾ ಜನರ ಮೆಷಿನ್ನಿನಲ್ಲಿ ನಾನು ಕಂಡದ್ದು ಸ್ಪಂಜಿನ ಟೋಪಿ. ಅದು ನೀರು ಎಳೆಯುವಾಗ ಹಾಕಲು ಕೊಟ್ಟದ್ದು. ಒಣ ಧೂಳಿಗೆ ಅದು ತೂತು ಜರಡಿ ಇದ್ದ ಹಾಗೆ. ಮಳೆಗಾಲದಲ್ಲಿ ಶೆಡ್ಡಿಗೆ ನುಗ್ಗಿದ ನೀರು ಎಳೆದಿರುತ್ತಾರೆ, ಆಮೇಲೆ ಬದಲಿಸಲು ಮರೆತಿರುತ್ತಾರೆ. ಸಾಮಾನ್ಯ ಬಟ್ಟೆಯ ಚೀಲವೂ ಗುಡಿಸಿದ ಕಸಕ್ಕೆ ಸರಿ, ಸ್ಯಾಂಡಿಂಗ್ ಧೂಳಿಗೆ ಸಾಲದು.

ಕೊಳ್ಳುವಾಗ ನೋಡಬೇಕಾದ ಗುರುತು ಹೇಳಿಬಿಡುತ್ತೇನೆ. ಹೆಪಾ ಫಿಲ್ಟರ್ ಅಂದರೆ 0.3 ಮೈಕ್ರಾನಿನ ಕಣಗಳಲ್ಲಿ 99.97 ಶೇಕಡಾ ಹಿಡಿಯಬೇಕು. ಯುರೋಪಿನ ಅಳತೆಯಲ್ಲಿ ಬರುವ ಮೆಷಿನ್ನುಗಳ ಮೇಲೆ ಎಲ್, ಎಂ, ಎಚ್ ಎಂಬ ಅಕ್ಷರ ಇರುತ್ತದೆ. ಎಲ್ ದರ್ಜೆಯದು 100ರಲ್ಲಿ 1 ಪಾಲಿನವರೆಗೆ ಧೂಳು ಬಿಡಬಹುದು. ಎಂ ದರ್ಜೆಯದು 1000ದಲ್ಲಿ 1 ಪಾಲು. ಎಚ್ ದರ್ಜೆಯದು 20,000ದಲ್ಲಿ 1 ಪಾಲು. ಮರದ ಧೂಳಿಗೆ ಎಂ ದರ್ಜೆಗಿಂತ ಕಡಿಮೆ ಬೇಡ ಅನ್ನುವುದು ನನ್ನ ನಿಲುವು. ಹಾಗಂತ ಹೆಪಾ ಅಂತ ಬರೆದ ಫಿಲ್ಟರನ್ನು ಸಡಿಲ ರಿಂಗಿನ ಮೇಲೆ ಕೂರಿಸಿದರೆ ಆ ಹಣ ದಂಡ. ಗಾಳಿ ಯಾವಾಗಲೂ ಸುಲಭದ ದಾರಿಯಲ್ಲೇ ಹೋಗುತ್ತದೆ.

ಇನ್ನೊಂದು ಮಾತು. ಸೋರಿಕೆ ಸರಿಮಾಡಿದ ಮೇಲೂ ಬಿಳಿ ಬಟ್ಟೆಯಲ್ಲಿ ಸ್ವಲ್ಪ ಕಲೆ ಮೂಡುತ್ತದೆ. ಗಾಬರಿ ಬೇಡ. ಮೊದಲೇ ದಾಟಿಹೋದ ಧೂಳು ಗಾಳಿಯ ದಾರಿಯಲ್ಲಿ ಕೂತಿರುತ್ತದೆ. ಆ ದಾರಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಹೊರಗೆ ಅಂಗಳದಲ್ಲಿ 10 ನಿಮಿಷ ಖಾಲಿ ಓಡಿಸಿ. ಆಮೇಲೆ ಹೊಸ ಬಟ್ಟೆ ಕಟ್ಟಿ ಮತ್ತೆ ಪರೀಕ್ಷೆ ಮಾಡಿ. ಎರಡನೇ ಬಟ್ಟೆ ಬೆಳ್ಳಗೆ ಇರಬೇಕು.

ಎಳೆತ ಬಿದ್ದುಹೋದರೆ ಮೊದಲು ಕಿವಿ ಕೊಡಿ

ಸದ್ದು ಅರ್ಧ ಕೆಲಸ ಮಾಡಿಕೊಡುತ್ತದೆ. ಪೈಪಿನ ಬಾಯಿಗೆ ಅಂಗೈ ಮುಚ್ಚಿದರೆ ಮೋಟಾರಿನ ಸದ್ದು ಏರುತ್ತದೆ, ಅಲ್ವಾ? ಮೋಟಾರಿಗೆ ಕಷ್ಟವಾಗುತ್ತಿದೆ ಅಂತ ತುಂಬಾ ಜನ ತಿಳಿಯುತ್ತಾರೆ. ಆಗುವುದು ಬೇರೆಯೇ. ತಳ್ಳಲು ಗಾಳಿ ಇಲ್ಲದೆ ಫ್ಯಾನಿನ ಹೊರೆ ಇಳಿಯುತ್ತದೆ, ಮೋಟಾರು ಇನ್ನೂ ಜೋರಾಗಿ ಸುತ್ತುತ್ತದೆ. ಆ ಹೊತ್ತಿಗೆ ವೈರಿಗೆ ಕರೆಂಟು ಅಳೆಯುವ ಕ್ಲ್ಯಾಂಪ್ ಮೀಟರ್ ಹಿಡಿದರೆ ಕರೆಂಟು ಕಡಿಮೆಯಾಗಿರುತ್ತದೆ. ಹಾಗಾಗಿ ಎಳೆತ ಬಿದ್ದು ಸದ್ದು ಏರಿದ್ದರೆ ಎಲ್ಲೋ ಕಟ್ಟಿಕೊಂಡಿದೆ. ಎಳೆತ ಬಿದ್ದು ಸದ್ದು ಮಾಮೂಲಿಯಾಗಿಯೇ ಇದ್ದರೆ ಎಲ್ಲೋ ಹೊರಗಿನ ಗಾಳಿ ನುಗ್ಗುತ್ತಿದೆ. ಸದ್ದೇ ಕುಗ್ಗಿ, ತಡವರಿಸುವಂತೆ ಇದ್ದರೆ ಮೋಟಾರು ಅಥವಾ ಕರೆಂಟಿನ ಕಡೆ ನೋಡಬೇಕು.

ಮೊದಲನೆಯದೇ ಜಾಸ್ತಿ. ಪೈಪನ್ನು ಡ್ರಮ್ಮಿನಿಂದ ಕಿತ್ತು ಡ್ರಮ್ಮಿನ ಬಾಯಿಗೆ ಅಂಗೈ ಇಡಿ. ಎಳೆತ ಗಟ್ಟಿಯಾಗಿದ್ದರೆ ತೊಂದರೆ ಪೈಪಿನಲ್ಲೋ ಸ್ಯಾಂಡರಿನಲ್ಲೋ ಇದೆ. ಪೈಪನ್ನು ನೇರ ಎತ್ತಿ ಹಿಡಿದು ಒಂದು ಗೋಲಿ ಬಿಡಿ. ಆ ಕಡೆ ಬಿದ್ದರೆ ಪೈಪು ಸರಿ. ಸಿಕ್ಕಿಕೊಂಡರೆ ಕೀಸಿದ ಮರದ ಸುರುಳಿ ಬೆಂಡಿನಲ್ಲಿ ಗೂಡು ಕಟ್ಟಿದೆ. ಕಬ್ಬಿಣದ ಸರಳು ತೂರಿಸಬೇಡಿ, ಪೈಪು ಹರಿಯುತ್ತದೆ. ತಿರುವಿ ಹಾಕಿ ಇನ್ನೊಂದು ತುದಿಯಿಂದ ಎಳೆಸಿ. ಸ್ಯಾಂಡರಿನ ಪ್ಯಾಡಿನ ತೂತಿಗೂ ಪೇಪರಿನ ತೂತಿಗೂ ತಾಳೆ ಇದೆಯಾ ನೋಡಿ. ಅವಸರದಲ್ಲಿ ಅಡ್ಡಾದಿಡ್ಡಿ ಅಂಟಿಸಿದ ಪೇಪರಿನಿಂದ ಎಳೆತ ಸತ್ತ ಉದಾಹರಣೆ ನಮ್ಮಲ್ಲೇ ಎಷ್ಟೋ.

ಡ್ರಮ್ಮಿನ ಬಾಯಿಯಲ್ಲೇ ಎಳೆತ ಇಲ್ಲದಿದ್ದರೆ ಫಿಲ್ಟರ್ ಕಟ್ಟಿರುತ್ತದೆ. ಖಚಿತಪಡಿಸಿಕೊಳ್ಳಲು ಡ್ರಮ್ ಪೂರ್ತಿ ಖಾಲಿ ಮಾಡಿ, ಒರೆಸಿ, ಹೊರಗಿಟ್ಟು, ಫಿಲ್ಟರ್ ಇಲ್ಲದೆ 5 ಸೆಕೆಂಡು ಮಾತ್ರ ಓಡಿಸಿ. ಎಳೆತ ಬಂದರೆ ಫಿಲ್ಟರೇ ಕಾರಣ. ಬರದಿದ್ದರೆ ಮೋಟಾರಿನ ಬಾಯಲ್ಲಿರುವ ತೇಲು ಚೆಂಡನ್ನು ನೋಡಿ. ಡ್ರಮ್ಮಿನಲ್ಲಿ ನೀರು ತುಂಬಿದಾಗ ಮೇಲೆದ್ದು ಬಾಯಿ ಮುಚ್ಚಲು ಅದನ್ನು ಇಟ್ಟಿರುತ್ತಾರೆ. ಮೆಷಿನ್ ಅಡ್ಡ ಬಿದ್ದಾಗ ಅದು ಮೇಲೆ ಸಿಕ್ಕಿಕೊಂಡಿರಬಹುದು.

ಫಿಲ್ಟರ್ ಚೊಕ್ಕ ಮಾಡುವುದರಲ್ಲಿ ನಮ್ಮವರು ಉತ್ಸಾಹ ಜಾಸ್ತಿ ತೋರಿಸುತ್ತಾರೆ. ಕಂಬಕ್ಕೆ ಹೊಡೆಯುತ್ತಾರೆ, ಕಂಪ್ರೆಸರಿನ ಗಾಳಿ ಹತ್ತಿರದಿಂದ ಬಿಡುತ್ತಾರೆ. ಎರಡರಿಂದಲೂ ನೆರಿಗೆ ಹರಿಯುತ್ತದೆ. ಧೂಳು ಮೋಡದಂತೆ ಎದ್ದು ಮಾಡುವವನ ಮುಖಕ್ಕೇ ಬರುತ್ತದೆ. ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಫಿಲ್ಟರ್ ಇಟ್ಟು, ಬಾಯಿ ಕಟ್ಟಿ, ಹೊರಗಿನಿಂದ ಮೆಲ್ಲಗೆ ತಟ್ಟಿ. ಅರ್ಧ ಗಂಟೆ ಬಿಟ್ಟು ಬಿಚ್ಚಿ. ಫಿಲ್ಟರಿನ ಮೇಲೆ ತೆಳ್ಳಗೆ ಉಳಿದ ಪದರ ಹೋಗಲೇಬೇಕು ಅಂತೇನಿಲ್ಲ. ಆ ಪದರವೇ ನುಣ್ಣನೆ ಧೂಳನ್ನು ಹಿಡಿಯಲು ನೆರವಾಗುತ್ತದೆ. ಫಳಫಳ ಅನ್ನುವಂತೆ ಪ್ರತಿದಿನ ಚೊಕ್ಕ ಮಾಡಿದರೆ ಧೂಳು ಜಾಸ್ತಿಯೇ ದಾಟುತ್ತದೆ.

ಫಿಲ್ಟರ್ ಇಷ್ಟು ಬೇಗ ಕಟ್ಟದಂತೆ ಮಾಡಲು ಎರಡು ದಾರಿ ನಮಗೆ ಕೈ ಹಿಡಿದಿವೆ. ಡ್ರಮ್ಮಿನೊಳಗೆ ಫ್ಲೀಸ್ ಚೀಲ (ನೇಯದ ಬಟ್ಟೆಯ ಧೂಳು ಚೀಲ) ಹಾಕುವುದು ಒಂದು. ಡ್ರಮ್ಮಿಗೂ ಸ್ಯಾಂಡರಿಗೂ ನಡುವೆ ಸೈಕ್ಲೋನ್ ಬಕೆಟ್ ಇಡುವುದು ಇನ್ನೊಂದು. ಸೈಕ್ಲೋನಿನಲ್ಲಿ ಗಾಳಿ ಸುಳಿ ಸುತ್ತಿ ದಪ್ಪ ಧೂಳು ಕೆಳಗಿನ ಬಕೆಟ್ಟಿಗೆ ಬೀಳುತ್ತದೆ. ಆದರೆ ಬಕೆಟ್ಟಿನ ಮುಚ್ಚಳದಲ್ಲಿ ಕೂದಲೆಳೆಯ ಸಂದಿದ್ದರೂ ಕೆಳಗೆ ಬಿದ್ದದ್ದು ಮತ್ತೆ ಮೇಲೆದ್ದು ಫಿಲ್ಟರಿಗೆ ಹೋಗುತ್ತದೆ. ಸೈಕ್ಲೋನ್ ಇಟ್ಟ ಮೇಲೂ ಫಿಲ್ಟರ್ ಬೇಗ ಕಟ್ಟುತ್ತಿದ್ದರೆ ಆ ಮುಚ್ಚಳವನ್ನೇ ಅನುಮಾನಿಸಿ. ಪೇಂಟಿನ ತೆಳು ಬಕೆಟ್ ಬಳಸಬೇಡಿ. ಪೈಪು ಕಟ್ಟಿದಾಗ ಅದು ಒಳಕ್ಕೆ ಕುಸಿಯುತ್ತದೆ.

ಮಲೆನಾಡಿನ ಮಳೆಗಾಲ

ಜೂನ್ ಬಂತೆಂದರೆ ನಮ್ಮ ಕಡೆ ಬಟ್ಟೆಯೇ ಒಣಗುವುದಿಲ್ಲ, ಫಿಲ್ಟರ್ ಎಲ್ಲಿ ಒಣಗುತ್ತದೆ? ತೊಳೆಯಬಹುದಾದ ಫಿಲ್ಟರಿಗೆ 24 ಗಂಟೆ ಒಣಗಿಸಿ ಅಂತ ಬರೆದಿರುತ್ತಾರೆ. ಜುಲೈಯಲ್ಲಿ ನನಗೆ 3 ದಿನವೂ ಸಾಲದೆ ಬಂದಿದೆ. ಒದ್ದೆ ಇರುವಾಗಲೇ ಹಾಕಿ ಓಡಿಸಿದರೆ ಧೂಳು ನೆರಿಗೆಗಳ ನಡುವೆ ಕೆಸರಾಗಿ ಮೆತ್ತಿಕೊಳ್ಳುತ್ತದೆ. ಗೋಡೆ ಪುಟ್ಟಿಯ ಅಥವಾ ಸಿಮೆಂಟಿನ ಧೂಳಾದರೆ ಅಲ್ಲೇ ಗಟ್ಟಿಯಾಗುತ್ತದೆ, ಆ ಫಿಲ್ಟರ್ ಮತ್ತೆ ಕೆಲಸಕ್ಕೆ ಬಾರದು. ಅರ್ಧ ಒಣಗಿದ್ದು ಬೂಷ್ಟು ಹಿಡಿಯುತ್ತದೆ. ಆನ್ ಮಾಡಿದ ಕೂಡಲೇ ಮುಗ್ಗಲು ವಾಸನೆ ಬಂದರೆ ಇದೇ ಕಾರಣ, ಆ ಬೂಷ್ಟಿನ ಕಣವೂ ಉಸಿರಿಗೇ ಬರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಒಣಗಿಸಲು ಹೋಗಬೇಡಿ, ಅಂಟು ಬಿಡುತ್ತದೆ. ಎರಡು ಫಿಲ್ಟರ್ ಇಟ್ಟುಕೊಂಡು ಒಂದಾದ ಮೇಲೊಂದು ಬಳಸುವುದೇ ವಾಸಿ. ಮಳೆಗಾಲದಲ್ಲಿ ನಾನು ತೊಳೆಯುವುದನ್ನೇ ಬಿಟ್ಟು ಬರೀ ತಟ್ಟಿ ಬಳಸುತ್ತೇನೆ.

ಶಾಕ್ ಹೊಡೆದರೆ

ಇಲ್ಲಿ ಎರಡು ಬಗೆ ಇದೆ. ಒಂದನ್ನು ಇನ್ನೊಂದು ಅಂದುಕೊಂಡರೆ ಜೀವಕ್ಕೇ ಕುತ್ತು.

ಒಣ ಗಾಳಿ ಬೀಸುವ ಜನವರಿಯಿಂದ ಮಾರ್ಚಿನವರೆಗೆ, ಪೈಪು ಮುಟ್ಟಿದಾಗ ಚಟ್ ಅಂತ ಒಂದೇ ಸಲ ಹೊಡೆಯುತ್ತದೆ. ಕೈಯ ರೋಮ ನೆಟ್ಟಗಾಗುತ್ತದೆ. ಧೂಳು ಪ್ಲಾಸ್ಟಿಕ್ ಪೈಪಿನ ಒಳಮೈಗೆ ಉಜ್ಜುತ್ತಾ ಹೋಗುವುದರಿಂದ ಹುಟ್ಟುವ ಕರೆಂಟಿದು. ಮಳೆಗಾಲದಲ್ಲಿ ಬರುವುದೇ ಅಪರೂಪ. ನೋವು ಕ್ಷಣದ್ದು. ಆದರೆ ಬೆಚ್ಚಿ ಕೈ ಎಳೆದಾಗ ಆ ಕೈಯಲ್ಲಿ ಓಡುತ್ತಿರುವ ಮೆಷಿನ್ ಇದ್ದರೆ? ಆ್ಯಂಟಿಸ್ಟ್ಯಾಟಿಕ್ ಪೈಪು ಸಿಗುತ್ತದೆ. ಅದು ಕೆಲಸ ಮಾಡಬೇಕಾದರೆ ಮೆಷಿನ್ನೂ ಅದಕ್ಕೆ ತಕ್ಕದ್ದಾಗಿರಬೇಕು, ಮೂರು ಪಿನ್ನಿನ ಪ್ಲಗ್ಗು ಇರಬೇಕು, ಬೋರ್ಡಿನ ಅರ್ಥಿಂಗ್ ನಿಜವಾಗಿ ನೆಲಕ್ಕೆ ಹೋಗಿರಬೇಕು. ಪೈಪು ಮಾತ್ರ ಬದಲಿಸಿ ಅರ್ಥಿಂಗ್ ಇಲ್ಲದ ಸಾಕೆಟ್ಟಿಗೆ ಚುಚ್ಚಿದರೆ ಏನೂ ಬದಲಾಗದು.

ಎರಡನೆಯದು ಜುಮ್ಮೆನ್ನುತ್ತಲೇ ಇರುವ ಶಾಕ್. ಸ್ಟೀಲ್ ಡ್ರಮ್ಮಿನ ಮೇಲೆ ಕೈ ಇಟ್ಟಷ್ಟು ಹೊತ್ತೂ ಬರುತ್ತದೆ. ಮಳೆಗಾಲದಲ್ಲಿ, ಬರಿಗಾಲಲ್ಲಿದ್ದಾಗ ಜಾಸ್ತಿ. ಮೋಟಾರಿನ ಒಳಗಿನ ಇನ್ಸುಲೇಶನ್ ಸೋತಿದೆ, ಅಥವಾ ವೈರು ಎಲ್ಲೋ ಸುಲಿದಿದೆ. ಬರಿಗೈಯಲ್ಲಿ ಮೆಷಿನ್ ಮುಟ್ಟಬೇಡಿ. ಮೇನ್ ಆಫ್ ಮಾಡಿ, ಆಮೇಲೆ ಪ್ಲಗ್ ಕಿತ್ತು, ಎಲೆಕ್ಟ್ರೀಶಿಯನ್ನರಿಗೆ ತೋರಿಸಿ. ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್, ಅಂದರೆ 30 ಮಿಲಿಆ್ಯಂಪ್ ಆರ್‌ಸಿಸಿಬಿ ಹಾಕಿಸಿದ್ದರೆ ಇಂಥ ಹೊತ್ತಲ್ಲಿ ಅದು ತಾನೇ ಬೀಳುತ್ತದೆ. "ಪದೇ ಪದೇ ಬೀಳ್ತದೆ ಅಂತ ತೆಗೆಸಿಬಿಟ್ಟೆ" ಅಂದವರನ್ನು ನೋಡಿದ್ದೇನೆ. ಅದು ಬೀಳುತ್ತಿದ್ದದ್ದು ಅವರನ್ನು ಉಳಿಸಲಿಕ್ಕೆ.

ಎಕ್ಸ್‌ಟೆನ್ಶನ್ ಬೋರ್ಡಿನ ಲೆಕ್ಕವನ್ನೂ ಮಾಡಿ. 1400 ವ್ಯಾಟಿನ ವ್ಯಾಕ್ಯೂಮ್ 230 ವೋಲ್ಟಿನಲ್ಲಿ ಸುಮಾರು 6 ಆ್ಯಂಪ್ ಎಳೆಯುತ್ತದೆ. ಅದೇ ಬೋರ್ಡಿಗೆ ಅಷ್ಟೇ ವ್ಯಾಟಿನ ಕಟ್ಟರ್ ಸೇರಿದರೆ 12 ಆ್ಯಂಪ್ ದಾಟುತ್ತದೆ. ಮನೆಯ 6 ಆ್ಯಂಪಿನ ಸಾಕೆಟ್ ಇದನ್ನು ತಡೆಯದು. 16 ಆ್ಯಂಪಿನ ಸಾಕೆಟ್ಟು, ದಪ್ಪ ವೈರು ಬೇಕು. ಸುತ್ತಿಟ್ಟ ವೈರನ್ನು ಪೂರ್ತಿ ಬಿಚ್ಚಿಯೇ ಬಳಸಿ, ಸುರುಳಿಯಲ್ಲೇ ಬಿಟ್ಟರೆ ಒಳಗೊಳಗೆ ಬೇಯುತ್ತದೆ.

ಸುಟ್ಟ ವಾಸನೆ, ತಾನೇ ನಿಂತುಹೋಗುವುದು

ಓಡುತ್ತಾ ಓಡುತ್ತಾ ನಿಂತು, ಮುಕ್ಕಾಲು ಗಂಟೆ ಬಿಟ್ಟರೆ ಮತ್ತೆ ಓಡುವ ಮೆಷಿನ್ನಿನಲ್ಲಿ ಬಿಸಿ ಏರಿದರೆ ತಾನೇ ಕರೆಂಟು ಕಡಿಯುವ ಕಟೌಟ್ ಕೆಲಸ ಮಾಡಿದೆ. ಮೋಟಾರು ತಣ್ಣಗಾಗುತ್ತಿಲ್ಲ. ಕೆಲವು ಮೆಷಿನ್ನುಗಳಲ್ಲಿ ಎಳೆದ ಗಾಳಿಯೇ ಮೋಟಾರನ್ನೂ ತಣಿಸುತ್ತದೆ, ಅಲ್ಲಿ ಫಿಲ್ಟರ್ ಕಟ್ಟಿದರೆ ಮೋಟಾರೂ ಬೇಯುತ್ತದೆ. ಇನ್ನು ಕೆಲವಕ್ಕೆ ತಣಿಸಲು ಬೇರೆಯೇ ಗಾಳಿಕಿಂಡಿ ತಲೆಯ ಮೇಲಿರುತ್ತದೆ. ಆ ಕಿಂಡಿಯ ಮೇಲೆ ಗೋಣಿಯೋ ಟವೆಲ್ಲೋ ಬಿದ್ದಿದೆಯಾ ನೋಡಿ. ಪದೇ ಪದೇ ಆನ್ ಮಾಡಿ ಕಟೌಟನ್ನು ಸೋಲಿಸಲು ಹೋಗಬೇಡಿ.

ಒಳಗೆ ನೀಲಿ ಕಿಡಿ ಜೋರಾಗಿ ಕಾಣುತ್ತಿದ್ದರೆ, ಸದ್ದು ತಡವರಿಸುತ್ತಿದ್ದರೆ, ಬಿಳಿ ಬಟ್ಟೆಗೆ ಕರೀ ಮಸಿ ಬಿದ್ದಿದ್ದರೆ ಕಾರ್ಬನ್ ಸವೆದಿದೆ. ಈ ಮೋಟಾರುಗಳು ಸಾಮಾನ್ಯವಾಗಿ ನಿಮಿಷಕ್ಕೆ 20,000 ಸುತ್ತು ದಾಟಿ ತಿರುಗುತ್ತವೆ, ಕಾರ್ಬನ್ ಸವೆಯುವುದು ಸಹಜ. ಎರಡನ್ನೂ ಒಟ್ಟಿಗೆ ಬದಲಿಸಿ. ಬದಲಿಸಿದ ಸ್ವಲ್ಪ ದಿನದಲ್ಲೇ ಮತ್ತೆ ಸವೆದರೆ, ಫಿಲ್ಟರ್ ದಾಟಿದ ಧೂಳು ಮೋಟಾರಿನೊಳಗೆ ಉಪ್ಪುಕಾಗದದಂತೆ ಉಜ್ಜುತ್ತಿರಬಹುದು. ಆಗ ಮತ್ತೆ ಆ ರಬ್ಬರ್ ರಿಂಗಿಗೇ ವಾಪಸ್ ಬನ್ನಿ.

ಬೆಂಕಿಯ ಮಾತು

ಮರದ ಧೂಳಿರುವ ಡ್ರಮ್ಮಿಗೆ ಕಬ್ಬಿಣ ಗ್ರೈಂಡ್ ಮಾಡಿದ ಕಿಡಿ ಎಳೆಯಬಾರದು. ಕಿಡಿ ಪೈಪಿನಲ್ಲಿ ಆರಿದಂತೆ ಕಂಡರೂ ಹೊಟ್ಟಿನೊಳಗೆ ಹೊಗೆಯಾಡುತ್ತಾ ಕೂತು, ನಾವು ಬಾಗಿಲು ಹಾಕಿ ಮನೆಗೆ ಹೋದ ಮೇಲೆ ಹೊತ್ತಿಕೊಳ್ಳಬಹುದು. ಕಬ್ಬಿಣದ ಕೆಲಸಕ್ಕೆ ಬೇರೆ ಮೆಷಿನ್ ಇರಲಿ. ಒಲೆಯ ಬೂದಿ, ತಿನ್ನರ್ ಚೆಲ್ಲಿದ ಪುಡಿಯೂ ಬೇಡ. ಅಗಸೆ ಎಣ್ಣೆ ಹಚ್ಚಿದ ಮರವನ್ನು ಉಜ್ಜಿದ ಪುಡಿ, ಆ ಎಣ್ಣೆ ಒರೆಸಿದ ಬಟ್ಟೆ ಗುಡ್ಡೆಯಾಗಿ ಬಿದ್ದರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಅವತ್ತಿನ ಡ್ರಮ್ಮನ್ನು ಅವತ್ತೇ ಖಾಲಿ ಮಾಡಿ.

ಖಾಲಿ ಮಾಡುವಾಗಲೂ ನೋಡಿಕೊಳ್ಳಿ. ಇಡೀ ದಿನ ಹಿಡಿದಿಟ್ಟ ಧೂಳು ಒಂದು ನಿಮಿಷದಲ್ಲಿ ಮುಖಕ್ಕೆ ಬರುವುದು ಇಲ್ಲೇ. ಚೀಲ ಹಾಕಿದ್ದರೆ ಅದರ ಬಾಯಿ ಮುಚ್ಚಿ ಹಾಗೇ ತೆಗೆಯಿರಿ. ಇಲ್ಲದಿದ್ದರೆ ಡ್ರಮ್ಮಿನ ಬಾಯಿಗೆ ದೊಡ್ಡ ಪ್ಲಾಸ್ಟಿಕ್ ಚೀಲ ಕವುಚಿ, ಕಟ್ಟಿ, ಆಮೇಲೆ ಮೆಲ್ಲಗೆ ತಿರುವಿ ಹಾಕಿ.

ನಮ್ಮ ಕಡೆ ಹೊಟ್ಟು ಹಂಡೆ ಒಲೆಗೆ ಹೋಗುತ್ತದೆ, ಕೊಟ್ಟಿಗೆಗೂ ಹೋಗುತ್ತದೆ. ಪ್ಲೈವುಡ್, ಎಂಡಿಎಫ್ ಪುಡಿಯನ್ನು ಎರಡಕ್ಕೂ ಕೊಡಬೇಡಿ, ಅದರಲ್ಲಿ ಅಂಟಿದೆ. ಬರೀ ಮರದ್ದೇ ಆದರೂ ವ್ಯಾಕ್ಯೂಮಿನ ನುಣ್ಣನೆ ಧೂಳನ್ನು ಉರಿಯುವ ಒಲೆಗೆ ಮೊರದಿಂದ ಎರಚಬೇಡಿ. ಗಾಳಿಯಲ್ಲಿ ಹರಡಿದ ಧೂಳು ಭಗ್ಗನೆ ಒಟ್ಟಿಗೇ ಹೊತ್ತಿಕೊಂಡು ಮುಖಕ್ಕೇ ಬರುತ್ತದೆ. ನೀರು ಚಿಮುಕಿಸಿ ಮುದ್ದೆ ಮಾಡಿ ಹೂಳುವುದು ಒಳ್ಳೆಯದು.

ಕಲ್ಲಿನ ಕೆಲಸದವರಿಗೆ

ಬೇಲೂರಿನಲ್ಲಿ ಬಳಪದ ಕಲ್ಲಿನ ವಿಗ್ರಹ ಕೆತ್ತುವ ಹಿರಿಯರೊಬ್ಬರು ಪರಿಚಯ. ನಮ್ಮಿಂದ ಒಂದು ಗಂಟೆ ದಾರಿಯೂ ಇಲ್ಲ. ಹೊಯ್ಸಳರು 1117ರಲ್ಲಿ ಚೆನ್ನಕೇಶವನ ಗುಡಿ ಕಟ್ಟಿಸಿದಾಗ ಉಳಿ, ಸುತ್ತಿಗೆಯಿಂದ ಬಂದದ್ದು ಚಕ್ಕೆ. ಈಗ ಗ್ರೈಂಡರ್ ಬ್ಲೇಡಿನಿಂದ ಬರುವುದು ಬಿಳಿ ಮೋಡ. ಅವರು ನನ್ನ ವ್ಯಾಕ್ಯೂಮ್ ನೋಡಿ, "ನಂಗೂ ಇಂಥದ್ದೇ ಒಂದು ಕೊಡ್ಸಪ್ಪ, ಅದೇ ಸಾಕು" ಅಂದರು. "ಇದು ಸಾಕಾಗಲ್ಲ ಆಚಾರ್ರೇ" ಅಂದೆ.

ಕಲ್ಲಿನ ಧೂಳಿಗೆ ಮೊದಲ ಮದ್ದು ನೀರು. ಕೊರೆಯುವ ಜಾಗಕ್ಕೆ ನೀರು ಹನಿಸುತ್ತಿದ್ದರೆ ಧೂಳು ಏಳುವ ಮೊದಲೇ ಕೆಸರಾಗುತ್ತದೆ. ಆದರೆ ಮಾಮೂಲಿ ಗ್ರೈಂಡರಿಗೆ ನೀರು ಚಿಮುಕಿಸುವುದು ಶಾಕಿಗೆ ದಾರಿ. ನೀರಿನ ಕೆಲಸಕ್ಕೆಂದೇ ಮಾಡಿದ ಮೆಷಿನ್ನು, ಆರ್‌ಸಿಸಿಬಿ ಎರಡೂ ಇರಬೇಕು. ಒಣ ಕೆಲಸವೇ ಆಗಬೇಕೆಂದರೆ ಬ್ಲೇಡಿಗೆ ಗವಸು ಹಾಕಿ, ಎಚ್ ದರ್ಜೆಯ ವ್ಯಾಕ್ಯೂಮಿಗೆ ಜೋಡಿಸಿ, ಮಾಸ್ಕನ್ನೂ ಹಾಕಿಕೊಳ್ಳಬೇಕು. ಬಳಪದ ಕಲ್ಲು ಮೆತ್ತಗಿದ್ದರೂ ಅದರ ಧೂಳು ಮೆತ್ತಗಲ್ಲ, ಜೊತೆಯಲ್ಲಿ ಬೇರೆ ಖನಿಜಗಳೂ ಇರುತ್ತವೆ. ಗ್ರಾನೈಟಿನಲ್ಲಿ ಸಿಲಿಕಾ ಇನ್ನೂ ಜಾಸ್ತಿ. ಆ ಧೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆ ಅಲ್ಲ.

ಅವರ ಹತ್ತಿರ ಆಗಲೇ ಒಂದು ಹಳೇ ವ್ಯಾಕ್ಯೂಮ್ ಇತ್ತು, ಅಂಗಳ ಗುಡಿಸಲು ಇಟ್ಟುಕೊಂಡದ್ದು. ನಾನು ಜೇಬಿನಿಂದ ಪಂಚೆಯ ತುಂಡು ತೆಗೆದು ಅದರ ಹಿಂಬದಿಗೆ ಕಟ್ಟಿದೆ. ಎರಡು ನಿಮಿಷಕ್ಕೆ ಬಟ್ಟೆಯ ಬಣ್ಣ ಬದಲಾಗಲಿಲ್ಲ, ಕಲ್ಲಿನ ಪುಡಿಯೂ ಬಿಳಿಯೇ ಅಲ್ವಾ. ಕೊಡವಿದಾಗ ಮಾತ್ರ ಕಪ್ಪು ಕಡಪಾ ಕಲ್ಲಿನ ಮೇಲೆ ಬೆಳ್ಳಗೆ ಉದುರಿತು. ಕಲ್ಲಿನ ಕೆಲಸದವರು ಪರೀಕ್ಷೆಗೆ ಕಪ್ಪು ಬಟ್ಟೆ ಕಟ್ಟಿ.